ಕಡಲತೀರದ ಪ್ರವಾಸದ ನಡುವೆ ಮರಳುಗಾಡಿನ ಕ್ವಾಡ್ ಬೈಕ್ ಮತ್ತು ಒಂಟೆ ಸವಾರಿ: ಹಿರಿಯರನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗಬಹುದೇ?

ವಿದ್ಯಾನಗರ ನಿವಾಸಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ನಮ್ಮ ಮನೆಯವರೆಲ್ಲ ದುಬೈಗೆ ಹೋಗಿಬರಬೇಕೆಂದು ನಿಶ್ಚಯಿಸಿದ್ದೇವೆ. ಜುಮೇರಾ ಕಡಲತೀರದ ಬಳಿ ಉಳಿದುಕೊಂಡು ಹೆಚ್ಚಿನ ಸಮಯವನ್ನು ಸಮುದ್ರದ ದಡದಲ್ಲಿಯೇ ಕಳೆಯುವುದು ನಮ್ಮ ಉದ್ದೇಶ. ಆದರೆ ನಮ್ಮ ಏಜೆಂಟರು ಒಂದು ಮಧ್ಯಾಹ್ನದ ಮರಳುಗಾಡಿನ ಪ್ರವಾಸವನ್ನೂ ಪ್ಯಾಕೇಜಿನಲ್ಲಿ ಸೇರಿಸಿದ್ದಾರೆ. ಜೀಪಿನಲ್ಲಿ ಮರಳು ದಿಬ್ಬಗಳ ಮೇಲೆ ಓಡಾಟ, ಅರ್ಧ ಗಂಟೆ ಕ್ವಾಡ್ ಬೈಕ್ ಎಂಬ ನಾಲ್ಕು ಚಕ್ರದ ಗಾಡಿಯ ಓಟ, ಒಂಟೆ ಸವಾರಿ, ರಾತ್ರಿಯ ಊಟ ಎಲ್ಲವೂ ಅದರಲ್ಲಿವೆ.

ನನ್ನ ತಂದೆಯವರಿಗೆ 69 ವರ್ಷ. ಸಕ್ಕರೆ ಕಾಯಿಲೆಯಿದೆ, ಮಂಡಿ ನೋವೂ ಇದೆ. ಮಗನಿಗೆ 13 ವರ್ಷ, ಕ್ವಾಡ್ ಬೈಕನ್ನು ತಾನೇ ಓಡಿಸಬೇಕೆಂದು ಈಗಿನಿಂದಲೇ ಹಟ ಹಿಡಿದಿದ್ದಾನೆ. ಏಜೆಂಟರನ್ನು ಕೇಳಿದರೆ "ಎಲ್ಲರೂ ಮಾಡುತ್ತಾರೆ ಮೇಡಂ, ಏನೂ ಆಗುವುದಿಲ್ಲ" ಎನ್ನುವುದನ್ನು ಬಿಟ್ಟು ಬೇರೆ ಮಾತೇ ಆಡುವುದಿಲ್ಲ. ಹೋಗಿಬಂದವರು, ಅಲ್ಲಿರುವವರು ಅಥವಾ ವಿಷಯ ಬಲ್ಲವರು ದಯವಿಟ್ಟು ತಿಳಿಸಿ: ಯಾರು ಯಾವುದನ್ನು ಮಾಡಬಹುದು, ಯಾರು ಯಾವುದನ್ನು ಬಿಡಬೇಕು?

ಪಿ.ಜೆ. ಬಡಾವಣೆ

ನಾವು ಹೋಗಿಬಂದಿದ್ದೇವೆ ಮೇಡಂ. ಹೆದರುವಂಥದ್ದೇನೂ ಇಲ್ಲ, ಧಾರಾಳವಾಗಿ ಹೋಗಿಬನ್ನಿ.

ಹರಿಹರದವನು, ಈಗ ಶಾರ್ಜಾ

ಊರಿನಿಂದ ಬಂದ ನೆಂಟರನ್ನು ಇಂಥ ಪ್ರವಾಸಕ್ಕೆ ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಆಗಾಗ ಬರುತ್ತಿರುತ್ತದೆ, ಆದ್ದರಿಂದ ಅಲ್ಲಿ ನಡೆಯುವುದನ್ನು ಇದ್ದಂತೆ ಹೇಳುತ್ತೇನೆ ಅಕ್ಕ. ಮಧ್ಯಾಹ್ನ ಮೂರರ ಸುಮಾರಿಗೆ ಹೋಟೆಲಿಗೆ ಗಾಡಿ ಬರುತ್ತದೆ. ಹಟ್ಟಾ ರಸ್ತೆಯಲ್ಲಿ ಲಹಬಾಬ್ ಎಂಬ ಕೆಂಪು ಮರಳಿನ ಪ್ರದೇಶಕ್ಕೋ, ಶಾರ್ಜಾಕ್ಕೆ ಸೇರಿದ ಬದಾಯರ್ ಕಡೆಗೋ ಕರೆದುಕೊಂಡು ಹೋಗುತ್ತಾರೆ. ಡಾಂಬರು ಮುಗಿಯುವ ಜಾಗದಲ್ಲಿ ಚಾಲಕರು ಇಳಿದು, ನಾಲ್ಕೂ ಟೈರುಗಳ ಗಾಳಿಯನ್ನು ಸುಮಾರು ಅರ್ಧದಷ್ಟು ಬಿಡುತ್ತಾರೆ. ಗಾಳಿ ಕಡಿಮೆಯಾದರೆ ಟೈರು ಅಗಲವಾಗಿ ಮರಳಿನ ಮೇಲೆ ಹರಡಿಕೊಳ್ಳುತ್ತದೆ, ಹೂತುಕೊಳ್ಳುವುದಿಲ್ಲ. ಆ ಕೆಲಸವನ್ನು ಅವಸರವಿಲ್ಲದೆ, ಮಾಪಕ ಹಿಡಿದು ಮಾಡುವ ಚಾಲಕರ ಮೇಲೆ ನನಗೆ ನಂಬಿಕೆ ಹೆಚ್ಚು.

ಜೀಪಿನ ಓಟ ಅರ್ಧದಿಂದ ಮುಕ್ಕಾಲು ಗಂಟೆ ಇರುತ್ತದೆ. ಅದೇ ಈ ಪ್ರವಾಸದ ಅತ್ಯಂತ ಒರಟಾದ ಭಾಗ. ಮಂಡಿ ನೋವಿಗಿಂತ ಬೆನ್ನು ನೋವಿರುವವರಿಗೆ ಅದು ಹೆಚ್ಚು ಕಷ್ಟ. ಮುಂಚಿತವಾಗಿ ಹೇಳಿದರೆ ಹಿರಿಯರನ್ನು ದಿಬ್ಬ ಹತ್ತಿಸದೆ ನೇರವಾಗಿ ರಾತ್ರಿಯ ಊಟ ನಡೆಯುವ ಶಿಬಿರಕ್ಕೆ ಬಿಡುವವರೂ ಇದ್ದಾರೆ, ಆದರೆ ಕೇಳುವ ಕೆಲಸ ನಿಮ್ಮದು, ಅವರಾಗಿಯೇ ಹೇಳುವುದಿಲ್ಲ.

ಒಂಟೆ ಸವಾರಿಯ ಬಗ್ಗೆ ಬಹಳ ಜನರಿಗೆ ತಪ್ಪು ಕಲ್ಪನೆಯಿದೆ. ಸಾಮಾನ್ಯ ಪ್ಯಾಕೇಜಿನಲ್ಲಿ ಅದು ಶಿಬಿರದ ಹೊರಗೆ ಕೆಲವೇ ನಿಮಿಷಗಳ ಒಂದು ಸುತ್ತು, ಅಷ್ಟೇ. ಮರಳುಗಾಡಿನೊಳಗೆ ಸಾಲಾಗಿ ನಡೆಸಿಕೊಂಡು ಹೋಗುವ ದೀರ್ಘ ಸವಾರಿ ಬೇಕಾದರೆ ಅದನ್ನು ಪ್ರತ್ಯೇಕವಾಗಿಯೇ ಗೊತ್ತುಮಾಡಬೇಕು. ಕ್ವಾಡ್ ಬೈಕಿಗೂ ಹೆಚ್ಚಿನ ಕಡೆ ಪ್ರತ್ಯೇಕ ಹಣ ಕೊಡಬೇಕಾಗುತ್ತದೆ. ನಿಮ್ಮ ಪ್ಯಾಕೇಜಿನಲ್ಲಿ ಅದು ಸೇರಿದೆಯೆಂದರೆ ಎಷ್ಟು ಸಿಸಿಯ ಗಾಡಿ, ಒಬ್ಬೊಬ್ಬರಿಗೆ ಒಂದೋ ಇಬ್ಬರಿಗೆ ಒಂದೋ, ಬೇಲಿ ಹಾಕಿದ ಅಂಗಳದಲ್ಲೋ ತೆರೆದ ದಿಬ್ಬಗಳಲ್ಲೋ ಎಂಬುದನ್ನು ಬರಹದಲ್ಲಿ ತರಿಸಿಕೊಳ್ಳಿ.

ಹಳೇಪೇಟೆ ಗ್ಯಾರೇಜ್, ದಾವಣಗೆರೆ

ಕ್ವಾಡ್ ಬೈಕಿನ ವಿಷಯದಲ್ಲಿ ನಾನು ಸ್ವಲ್ಪ ವಿವರವಾಗಿ ಬರೆಯಬೇಕು, ಏಕೆಂದರೆ ನಮ್ಮ ಕಡೆಯವರು ಅಪಾಯಕ್ಕೆ ಸಿಲುಕುವುದು ದ್ವಿಚಕ್ರ ವಾಹನ ಚೆನ್ನಾಗಿ ಬರುತ್ತದೆ ಎಂಬ ಧೈರ್ಯದಿಂದಲೇ.

ಮೊದಲನೆಯದಾಗಿ, ಈ ಗಾಡಿಯ ಆಕ್ಸಿಲರೇಟರು ಹ್ಯಾಂಡಲ್ ತಿರುಗಿಸುವಂಥದ್ದಲ್ಲ. ಬಲಗೈ ಹೆಬ್ಬೆರಳಿನಿಂದ ಒತ್ತುವ ಒಂದು ಸಣ್ಣ ಸನ್ನೆ (ಲಿವರ್) ಅದು. ಗಾಬರಿಯಾದಾಗ ಮನುಷ್ಯ ಹ್ಯಾಂಡಲನ್ನು ಬಿಗಿಯಾಗಿ ಹಿಡಿಯುತ್ತಾನೆ, ಹಾಗೆ ಹಿಡಿದಾಗ ಹೆಬ್ಬೆರಳು ಸನ್ನೆಯನ್ನು ಇನ್ನಷ್ಟು ಒತ್ತುತ್ತದೆ, ಗಾಡಿ ನಿಲ್ಲುವ ಬದಲು ಮುಂದಕ್ಕೆ ನುಗ್ಗುತ್ತದೆ. ಎರಡನೆಯದು ಇದಕ್ಕಿಂತ ಮುಖ್ಯ. ಸ್ಕೂಟರ್ ವಾಲಿದಾಗ ಕಾಲು ಕೆಳಗಿಟ್ಟು ಆನಿಸಿಕೊಳ್ಳುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಕ್ವಾಡ್ ಬೈಕಿನಲ್ಲಿ ಹಾಗೆ ಕಾಲು ಇಳಿಬಿಟ್ಟರೆ ಹಿಂದಿನ ಚಕ್ರ ಪಾದವನ್ನೋ ಹಿಮ್ಮಡಿಯನ್ನೋ ಎಳೆದುಕೊಂಡು ಹತ್ತಿಬಿಡುತ್ತದೆ. ಗಾಡಿ ಎಷ್ಟೇ ವಾಲಲಿ, ಎರಡೂ ಪಾದಗಳು ಪಾದದ ಪಟ್ಟಿಯ ಮೇಲೆಯೇ ಇರಬೇಕು, ಮೈಯನ್ನು ತಿರುವಿನ ಒಳಭಾಗಕ್ಕೆ ಒರಗಿಸಬೇಕು.

ಮೂರನೆಯದು ದಿಬ್ಬದ ಆಕಾರ. ಗಾಳಿ ಬೀಸಿಬರುವ ಕಡೆ ಮರಳು ಗಟ್ಟಿಯಾಗಿ, ಇಳಿಜಾರು ಮಂದವಾಗಿರುತ್ತದೆ. ಮರೆಯ ಕಡೆ ಮರಳು ಸಡಿಲವಾಗಿ 30 ಡಿಗ್ರಿಗೂ ಮೀರಿದ ಇಳಿಜಾರಿರುತ್ತದೆ. ಹತ್ತುವಾಗ ಆಚೆ ಏನಿದೆಯೆಂದು ಕಾಣುವುದಿಲ್ಲ. ವೇಗವಾಗಿ ನೆತ್ತಿ ದಾಟಿದವರು ಗಾಡಿಯ ಸಮೇತ ಮುಗ್ಗರಿಸುತ್ತಾರೆ, 250-300 ಕಿಲೋ ತೂಕ ಮೈಮೇಲೆ ಬಿದ್ದರೆ ಮರಳು ಮೆತ್ತಗಿದ್ದೂ ಉಪಯೋಗವಿಲ್ಲ. ಹಿಂದೆ ಎತ್ತರದ ಕೋಲಿಗೆ ಕಟ್ಟಿದ ಬಾವುಟ ಇಲ್ಲದ ಗಾಡಿಯನ್ನು ಹತ್ತಬೇಡಿ. ದಿಬ್ಬದ ಆಚೆಯಿಂದ ಬರುವವನಿಗೆ ನೀವು ಇರುವುದು ಗೊತ್ತಾಗುವುದು ಆ ಬಾವುಟದಿಂದ ಮಾತ್ರ.

ಪಿ.ಜೆ. ಬಡಾವಣೆ

ಇಷ್ಟೆಲ್ಲ ಹೆದರಿಸಿದರೆ ಯಾರೂ ಮನೆಯಿಂದಲೇ ಹೊರಡುವುದಿಲ್ಲ. ನನ್ನ ಮಗ 12ನೇ ವಯಸ್ಸಿನಲ್ಲಿಯೇ ಓಡಿಸಿದ, ಏನೂ ಆಗಲಿಲ್ಲ. ಸಹಾಯಕ ಪಕ್ಕದಲ್ಲಿಯೇ ಓಡುತ್ತಿದ್ದ.

ಹಳೇಪೇಟೆ ಗ್ಯಾರೇಜ್, ದಾವಣಗೆರೆ

ನಿಮ್ಮ ಮಗ ಕ್ಷೇಮವಾಗಿ ಬಂದದ್ದು ಸಂತೋಷದ ಸಂಗತಿ ಸರ್. ಆದರೆ ಅವನು ಓಡಿಸಿದ್ದು ಮಕ್ಕಳ ಗಾಡಿಯೋ ದೊಡ್ಡವರ ಗಾಡಿಯೋ ಎಂಬುದರ ಮೇಲೆ ಉತ್ತರ ನಿಂತಿದೆ. ದೊಡ್ಡವರ ಕ್ವಾಡ್ ಬೈಕನ್ನು 16 ವರ್ಷದೊಳಗಿನವರು ಓಡಿಸಬಾರದೆಂದು ತಯಾರಕರೇ ಅದರ ಮೇಲೆ ಎಚ್ಚರಿಕೆಯ ಚೀಟಿ ಅಂಟಿಸಿರುತ್ತಾರೆ. ಮಕ್ಕಳ ತೂಕ ಸಾಲದು, ವಾಲಿದ ಗಾಡಿಯನ್ನು ಮೈಭಾರದಿಂದ ಸರಿಪಡಿಸುವ ಶಕ್ತಿ ಅವರಿಗಿರುವುದಿಲ್ಲ. ಬೇಲಿಯೊಳಗೆ, ವೇಗಕ್ಕೆ ಮಿತಿ ಹಾಕಿದ, ಅವರ ಅಳತೆಯ ಸಣ್ಣ ಗಾಡಿಯಾದರೆ ನನ್ನ ತಕರಾರಿಲ್ಲ. ದಿಬ್ಬದ ಮೇಲೆ ದೊಡ್ಡ ಗಾಡಿ ಕೊಡುತ್ತೇನೆ ಎನ್ನುವವನಿಗೆ ಹುಡುಗನ ಬಗ್ಗೆ ಕಾಳಜಿಯಿಲ್ಲ, ಬಾಡಿಗೆಯ ಬಗ್ಗೆ ಮಾತ್ರ ಇದೆ.

ಎಂಸಿಸಿ ಬಿ ಬ್ಲಾಕ್

ಇಬ್ಬರಿಗೆ ಒಂದೇ ಕ್ವಾಡ್ ಕೊಟ್ಟರೆ ಮಗನನ್ನು ಹಿಂದೆ ಕೂರಿಸಿಕೊಳ್ಳಬಹುದೇ?

ಹಳೇಪೇಟೆ ಗ್ಯಾರೇಜ್, ದಾವಣಗೆರೆ

ಎರಡು ಆಸನಗಳಿಗೆಂದೇ ಉದ್ದವಾಗಿ ತಯಾರಿಸಿದ ಗಾಡಿಯಾದರೆ ಕೂರಿಸಬಹುದು. ಒಂದು ಆಸನದ ಗಾಡಿಯಲ್ಲಿ ಇಬ್ಬರು ಕುಳಿತರೆ ಭಾರ ಹಿಂದಕ್ಕೆ ಬಿದ್ದು, ದಿಬ್ಬ ಹತ್ತುವಾಗ ಮುಂದಿನ ಚಕ್ರಗಳು ಮೇಲೇಳುತ್ತವೆ. ಅದಕ್ಕಿಂತ, ಸುತ್ತಲೂ ಕಬ್ಬಿಣದ ಪಂಜರ, ಸೀಟ್ ಬೆಲ್ಟ್, ಸ್ಟಿಯರಿಂಗ್ ಇರುವ ಬಗ್ಗಿ ಎಂಬ ಗಾಡಿ ಸಿಗುತ್ತದೆ. ಬಾಡಿಗೆ ಹೆಚ್ಚು, ಆದರೆ ಮಗನೊಂದಿಗೆ ಹೋಗುವವರಿಗೆ ಅದೇ ವಾಸಿ.

ದುರ್ಗದ ವೈದ್ಯ

ಚಿತ್ರದುರ್ಗದಲ್ಲಿ ವೃತ್ತಿ ಮಾಡುತ್ತಿರುವ ವೈದ್ಯನಾಗಿ ನಿಮ್ಮ ತಂದೆಯವರ ವಿಷಯದಲ್ಲಿ ಎರಡು ಮಾತು ಹೇಳಬೇಕೆನಿಸಿತು. ಎಲ್ಲರೂ ಮಂಡಿ ನೋವಿನ ಬಗ್ಗೆಯೇ ಯೋಚಿಸುತ್ತಿದ್ದೀರಿ, ನನಗೆ ಕಾಣುವುದು ಸಕ್ಕರೆ ಕಾಯಿಲೆ.

ಮರ್ಸ್ ಎಂಬ ಕೊರೊನಾ ಜಾತಿಯ ವೈರಾಣು 2012ರಲ್ಲಿ ಸೌದಿ ಅರೇಬಿಯಾದಲ್ಲಿ ಮೊದಲು ಪತ್ತೆಯಾಯಿತು. ಅದರ ನೆಲೆ ಒಂದು ಡುಬ್ಬದ ಒಂಟೆಗಳು. ಒಂಟೆಗೆ ಸಾಮಾನ್ಯ ನೆಗಡಿಯಷ್ಟೇ ಬರಬಹುದು, ಮನುಷ್ಯರಿಗೆ ತಗುಲಿದರೆ ಶ್ವಾಸಕೋಶಕ್ಕೆ ಇಳಿಯಬಹುದು. ಸಕ್ಕರೆ ಕಾಯಿಲೆ, ಮೂತ್ರಪಿಂಡದ ವೈಫಲ್ಯ, ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವವರು ಮತ್ತು ರೋಗನಿರೋಧಕ ಶಕ್ತಿ ಕುಂದಿದವರು ಒಂಟೆಗಳ ಸಂಪರ್ಕದಿಂದಲೇ ದೂರವಿರಬೇಕು, ಹಸಿ ಒಂಟೆ ಹಾಲನ್ನು ಕುಡಿಯಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ಕೊಟ್ಟಿದೆ. ಪ್ರವಾಸಿಗರಿಗೆ ಇದು ತಗಲುವ ಸಂಭವ ಬಹಳ ಕಡಿಮೆ, ಅದನ್ನು ಒಪ್ಪುತ್ತೇನೆ. ಆದರೆ ಐದು ನಿಮಿಷದ ಸುತ್ತಿಗಾಗಿ 69 ವರ್ಷದ ಮಧುಮೇಹಿಯನ್ನು ಒಂಟೆಯ ಮೇಲೆ ಕೂರಿಸಬೇಕೆಂದು ನಾನಂತೂ ಹೇಳುವುದಿಲ್ಲ. ಉಳಿದವರು ಸವಾರಿ ಮಾಡಿ ಇಳಿದ ಕೂಡಲೇ ಸೋಪಿನಿಂದ ಕೈ ತೊಳೆಯಲಿ, ಒಂಟೆಯ ಮೂತಿಗೆ ಮುಖ ತಾಗಿಸಿ ಫೋಟೋ ತೆಗೆಸಿಕೊಳ್ಳುವುದನ್ನು ಬಿಡಲಿ.

ಇನ್ನೊಂದು ಪ್ರಾಯೋಗಿಕ ವಿಷಯ. ಶಿಬಿರದಲ್ಲಿ ಊಟ ಕೈಗೆ ಬರುವಾಗ ಕತ್ತಲಾಗಿ ಬಹಳ ಹೊತ್ತಾಗಿರುತ್ತದೆ. ಮಾತ್ರೆಯನ್ನೋ ಇನ್ಸುಲಿನ್ನನ್ನೋ ಊಟಕ್ಕೆ ಹೊಂದಿಸಿಕೊಂಡವರಿಗೆ ಆ ವಿಳಂಬದಿಂದ ಸಕ್ಕರೆ ಇಳಿದು ತಲೆ ಸುತ್ತು ಬರಬಹುದು. ಬಿಸ್ಕತ್ತು, ಗ್ಲೂಕೋಸ್ ಜೇಬಿನಲ್ಲಿರಲಿ. ಪಾದದ ಸ್ಪರ್ಶ ಮಂಕಾಗಿದ್ದರೆ ಮರಳಿನ ಮೇಲೆ ಬರಿಗಾಲಲ್ಲಿ ನಡೆಯುವುದು ಬೇಡ. ಮರಳಿನೊಳಗಿನ ಮುಳ್ಳೋ ಕಡ್ಡಿಯೋ ಚುಚ್ಚಿದ್ದು ಅವರಿಗೆ ತಿಳಿಯದೆ, ಗಾಯ ಊರಿಗೆ ಬಂದ ಮೇಲೆ ಕಾಣಿಸಿಕೊಳ್ಳುತ್ತದೆ.

ಪಿ.ಜೆ. ಬಡಾವಣೆ

ಡಾಕ್ಟರ್ ಸಾಹೇಬರೇ, ಅಲ್ಲಿ ಪ್ರತಿದಿನ ಸಾವಿರಾರು ಜನ ಒಂಟೆ ಹತ್ತುತ್ತಾರೆ. ಅವರಿಗೆಲ್ಲ ರೋಗ ಬಂದಿದೆಯೇ? ಇದು ಅತಿಯಾಯಿತು ಎನಿಸುತ್ತದೆ.

ದುರ್ಗದ ವೈದ್ಯ

ಬಂದಿಲ್ಲ, ಬರುತ್ತದೆಂದು ನಾನು ಹೇಳಿಯೂ ಇಲ್ಲ. ಸಾವಿರಾರು ಆರೋಗ್ಯವಂತರ ಲೆಕ್ಕವನ್ನು ಒಬ್ಬ ಮಧುಮೇಹಿ ಹಿರಿಯರಿಗೆ ಅನ್ವಯಿಸಬೇಡಿ ಎಂಬುದಷ್ಟೇ ನನ್ನ ಮಾತು. 2015ರಲ್ಲಿ ಕೊಲ್ಲಿ ರಾಷ್ಟ್ರಗಳ ಪ್ರವಾಸ ಮುಗಿಸಿ ಮರಳಿದ ಒಬ್ಬ ವ್ಯಕ್ತಿಯಿಂದ ದಕ್ಷಿಣ ಕೊರಿಯಾದ ಆಸ್ಪತ್ರೆಗಳಲ್ಲಿ ಈ ರೋಗ ಹರಡಿ ನೂರಕ್ಕೂ ಹೆಚ್ಚು ಜನರಿಗೆ ತಗುಲಿತು. ಅಲ್ಲಿಂದ ಬಂದ ಎರಡು ವಾರಗಳೊಳಗೆ ಜ್ವರ, ಕೆಮ್ಮು ಕಾಣಿಸಿಕೊಂಡರೆ ವೈದ್ಯರಿಗೆ ಪ್ರವಾಸದ ವಿಷಯವನ್ನು ಮೊದಲೇ ತಿಳಿಸಬೇಕು ಎಂದು ನಾನು ಎಲ್ಲರಿಗೂ ಹೇಳುವುದು ಅದಕ್ಕಾಗಿಯೇ.

ಚಳ್ಳಕೆರೆ ಪಶುವೈದ್ಯ

ಸವಾರರ ಬಗ್ಗೆ ಸಾಕಷ್ಟು ಚರ್ಚೆಯಾಯಿತು, ಒಂಟೆಯ ಬಗ್ಗೆಯೂ ಯಾರಾದರೂ ಮಾತನಾಡಬೇಕು. ನಮ್ಮ ತಾಲ್ಲೂಕಿನಲ್ಲಿ ನಾನು ನೋಡುವುದು ಹೆಚ್ಚಾಗಿ ಕುರಿ, ಮೇಕೆ, ದನಗಳನ್ನೇ. ಆದರೂ ಜಾತ್ರೆಗಳಲ್ಲಿ ಮಕ್ಕಳನ್ನು ಕೂರಿಸಿಕೊಂಡು ತಿರುಗುವ ಒಂಟೆಗಳಿಗೆ ಚಿಕಿತ್ಸೆ ಕೊಟ್ಟ ಅನುಭವವಿದೆ, ಆ ನೋವನ್ನು ಹತ್ತಿರದಿಂದ ಕಂಡಿದ್ದೇನೆ.

ಒಂಟೆಗೆ ನೀರೇ ಬೇಡ ಎಂಬ ಮಾತು ಸುಳ್ಳು. ಅದರ ಡುಬ್ಬದಲ್ಲಿರುವುದು ಕೊಬ್ಬು, ನೀರಲ್ಲ. ದೇಹದ ಉಷ್ಣತೆ ಹಗಲು ರಾತ್ರಿಗಳ ನಡುವೆ ಆರು ಡಿಗ್ರಿಯಷ್ಟು ಏರಿಳಿಯಲು ಬಿಟ್ಟುಕೊಂಡು ಅದು ಬೆವರನ್ನು ಉಳಿಸುತ್ತದೆ, ತೂಕದ ಕಾಲು ಭಾಗದಷ್ಟು ನೀರು ಕಳೆದುಕೊಂಡರೂ ತಾಳಿಕೊಳ್ಳುತ್ತದೆ. ತಾಳಿಕೊಳ್ಳುತ್ತದೆ ಎಂಬ ಕಾರಣಕ್ಕೆ ಬಾಯಾರಿಸಿ ನಿಲ್ಲಿಸುವುದು ನ್ಯಾಯವಲ್ಲ. ನೀರು ಸಿಕ್ಕಾಗ ಹತ್ತು ಹದಿನೈದು ನಿಮಿಷಗಳಲ್ಲಿ ನೂರು ಲೀಟರ್ ಕುಡಿಯುವ ಪ್ರಾಣಿ ಅದು, ತೊಟ್ಟಿ ಎಲ್ಲಿದೆಯೆಂದು ಶಿಬಿರದವರನ್ನು ಕೇಳಿ ನೋಡಿ. ತೋರಿಸಲು ಹಿಂಜರಿಯುವವರ ಒಂಟೆಯನ್ನು ಹತ್ತಬೇಡಿ.

ಹತ್ತುವ ಮುನ್ನ ಒಂದು ನಿಮಿಷ ಸುತ್ತ ನಡೆದು ನೋಡಿ. ಜೀನಿನ ಅಂಚು ತಾಗುವ ಜಾಗದಲ್ಲಿ ಕೂದಲು ಉದುರಿ ಚರ್ಮ ಕೆಂಪಾಗಿದೆಯೇ, ಮೂಗಿನ ಗೂಟದ ಸುತ್ತ ಕೀವು ನೊಣ ಇವೆಯೇ, ನಡೆಯುವಾಗ ಒಂದು ಕಾಲನ್ನು ಎಳೆಯುತ್ತದೆಯೇ ಎಂಬುದು ಪಶುವೈದ್ಯರಲ್ಲದವರಿಗೂ ಕಾಣುತ್ತದೆ. ಎದ್ದು ನಿಲ್ಲುವಾಗ ಅದು ಗೊಣಗುವುದು, ಕೂಗುವುದು ಅದರ ಸ್ವಭಾವ. ಅದೊಂದರಿಂದಲೇ ನೋವಿದೆ ಎಂದು ತೀರ್ಮಾನಿಸಬೇಕಾಗಿಲ್ಲ.

ಇನ್ನೊಂದು ಎಚ್ಚರಿಕೆ. ಚಳಿಗಾಲವೇ ಗಂಡೊಂಟೆಗಳಿಗೆ ಬೆದೆಯ ಕಾಲ, ಪ್ರವಾಸಿಗರು ಹೆಚ್ಚಾಗಿ ಬರುವುದೂ ಆಗಲೇ. ಬೆದೆಗೆ ಬಂದ ಗಂಡು ಬಾಯಿಯಿಂದ ನೊರೆ ಸುರಿಸುತ್ತದೆ, ಬಾಯಿಯ ಪಕ್ಕದಿಂದ ಗುಲಾಬಿ ಬಣ್ಣದ ಚೀಲದಂಥ ಅಂಗವನ್ನು ಉಬ್ಬಿಸಿ ಹೊರಚಾಚುತ್ತದೆ, ಗುಳುಗುಳು ಸದ್ದು ಮಾಡುತ್ತದೆ. ಅಂಥದ್ದು ಕಂಡರೆ ಹತ್ತುವುದಿರಲಿ, ಹತ್ತಿರವೂ ಹೋಗಬಾರದು. ಅದರ ಕಡಿತದಿಂದ ಮೂಳೆ ಮುರಿಯುತ್ತದೆ.

ವಿದ್ಯಾನಗರ ನಿವಾಸಿ, ದಾವಣಗೆರೆ

ಎಲ್ಲರಿಗೂ ಧನ್ಯವಾದಗಳು. ಪಶುವೈದ್ಯರೇ, ನನ್ನ ತಾಯಿಯವರು ಒಂಟೆಯ ಮೇಲೆ ಕೂರಲು ಬಹಳ ಉತ್ಸುಕರಾಗಿದ್ದಾರೆ. ಅವರಿಗೆ ಆರೋಗ್ಯದ ತೊಂದರೆಯೇನಿಲ್ಲ. ಹತ್ತಿಳಿಯುವಾಗ ಏನು ನೆನಪಿಡಬೇಕು?

ಚಳ್ಳಕೆರೆ ಪಶುವೈದ್ಯ

ಅಮ್ಮನವರಿಗೆ ಹೀಗೆ ಹೇಳಿ. ಒಂಟೆ ಕುಳಿತಿರುವಾಗಲೇ ಹತ್ತಬೇಕು. ಅದು ಏಳುವಾಗ ಹಿಂಗಾಲುಗಳು ಮೊದಲು ನೆಟ್ಟಗಾಗುತ್ತವೆ, ಸವಾರರು ಒಮ್ಮೆಲೇ ಮುಂದಕ್ಕೆ ಬಾಗಿ ಬೀಳುವಂತಾಗುತ್ತದೆ. ಆದ್ದರಿಂದ ಮೊದಲು ಹಿಂದಕ್ಕೆ ಒರಗಿ, ಜೀನಿನ ಹಿಡಿಯನ್ನು ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದಿರಬೇಕು. ಆಮೇಲೆ ಮುಂಗಾಲುಗಳು ಏಳುವಾಗ ಹಿಂದಕ್ಕೆ ಜಗ್ಗಿದಂತಾಗುತ್ತದೆ, ಆಗ ಸ್ವಲ್ಪ ಮುಂದೆ ಬಾಗಬೇಕು. ಇಳಿಯುವಾಗ ಮುಂಗಾಲುಗಳೇ ಮೊದಲು ಮಡಚಿಕೊಳ್ಳುತ್ತವೆ, ಆಗಲೂ ಹಿಂದಕ್ಕೇ ಒರಗಬೇಕು. ಕುಳಿತವರು ನೆಲದಿಂದ ಸುಮಾರು ಎರಡು ಮೀಟರ್ ಎತ್ತರದಲ್ಲಿರುತ್ತಾರೆ, ಬಿದ್ದರೆ ಅದು ಸಣ್ಣ ಬೀಳುವಿಕೆಯಲ್ಲ. ನಡೆಯುವಾಗ ಒಂಟೆ ಒಂದೇ ಬದಿಯ ಎರಡೂ ಕಾಲುಗಳನ್ನು ಒಟ್ಟಿಗೆ ಎತ್ತಿಡುವುದರಿಂದ ಮೈ ಅತ್ತಿತ್ತ ತೂಗುತ್ತದೆ. ಸೊಂಟವನ್ನು ಸಡಿಲವಾಗಿ ಬಿಟ್ಟರೆ ಅಭ್ಯಾಸವಾಗುತ್ತದೆ. ಸೀರೆಗಿಂತ ಚೂಡಿದಾರ್ ಅನುಕೂಲ, ಜೀನು ಅಗಲವಾಗಿರುತ್ತದೆ.

ಹೊಳಲ್ಕೆರೆ ಓದುಗಿ

ನನ್ನ ಅಭಿಪ್ರಾಯ ಬೇರೆ. ಇಷ್ಟೆಲ್ಲ ಪರೀಕ್ಷಿಸಿ ಹತ್ತಬೇಕಾದ ಪ್ರಾಣಿಯನ್ನು ಹತ್ತದೇ ಇರುವುದೇ ಮೇಲಲ್ಲವೇ? ಕಡಲತೀರಕ್ಕೆ ವಿಶ್ರಾಂತಿಗೆಂದು ಹೋದವರ ಅರ್ಧ ದಿನದ ಮನರಂಜನೆಗಾಗಿ ಒಂದು ಜೀವ ದಿನವಿಡೀ ಏಳುತ್ತಾ ಕೂರುತ್ತಾ ಇರಬೇಕು. ಒಂಟೆಗೆ ನಡೆಯುವುದು ಕಷ್ಟವಲ್ಲ, ಹೀಗೆ ನಿಮಿಷಕ್ಕೊಮ್ಮೆ ಭಾರ ಹೊತ್ತು ಏಳುವುದು ಕಷ್ಟ.

ಹಿರಿಯೂರು ನಿವೃತ್ತ ಶಿಕ್ಷಕ

ಅಕ್ಕನವರ ಕಳಕಳಿ ಸರಿಯಾದದ್ದೇ. ಆದರೆ ಇದಕ್ಕೆ ಇನ್ನೊಂದು ಮುಖವಿದೆ. ನಾನು ಜೈಸಲ್ಮೇರಿನ ಸಮ್ ದಿಬ್ಬಗಳ ಬಳಿ ಒಂಟೆ ಸಾಕುವವರೊಂದಿಗೆ ಮಾತನಾಡಿದ್ದೇನೆ. ನಮ್ಮ ದೇಶದಲ್ಲಿ 2012ರ ಜಾನುವಾರು ಗಣತಿಯಲ್ಲಿ 4 ಲಕ್ಷ ಒಂಟೆಗಳಿದ್ದವು, 2019ರ ಗಣತಿಯಲ್ಲಿ ಅವು ಸುಮಾರು 2.5 ಲಕ್ಷಕ್ಕೆ ಇಳಿದಿವೆ. ಟ್ರ್ಯಾಕ್ಟರು, ಲಾರಿಗಳು ಬಂದ ಮೇಲೆ ಹೊಲಕ್ಕೂ ಗಾಡಿಗೂ ಒಂಟೆ ಬೇಡವಾಯಿತು, ಮೇವಿನ ನೆಲವೂ ಕಡಿಮೆಯಾಯಿತು. ರಾಜಸ್ಥಾನ ಸರ್ಕಾರ 2014ರಲ್ಲಿ ಅದನ್ನು ರಾಜ್ಯಪ್ರಾಣಿಯೆಂದು ಘೋಷಿಸಿ, 2015ರಲ್ಲಿ ವಧೆಯನ್ನೂ ಹೊರರಾಜ್ಯಕ್ಕೆ ಸಾಗಿಸುವುದನ್ನೂ ನಿರ್ಬಂಧಿಸಿತು. ಕೊಳ್ಳುವವರಿಲ್ಲದೆ ಬೆಲೆ ಬಿದ್ದುಹೋಯಿತು ಎಂಬುದು ಸಾಕುವವರ ದೂರು. ಅಂಥ ಕಡೆ ಒಂಟೆಯನ್ನು ಮನೆಯಲ್ಲಿ ಉಳಿಸಿಕೊಳ್ಳಲು ಪ್ರವಾಸಿಗರ ಸವಾರಿಯೇ ಒಂದು ಕಾರಣವಾಗಿದೆ. ಸವಾರಿ ನಿಂತರೆ ಒಂಟೆಗೆ ಬಿಡುಗಡೆ ಸಿಗುತ್ತದೆ ಎಂದುಕೊಳ್ಳುವುದು ಕಷ್ಟ.

ಹೊಳಲ್ಕೆರೆ ಓದುಗಿ

ಮೇಷ್ಟ್ರೇ, ರಾಜಸ್ಥಾನದ ಬಡ ಸಾಕಣೆದಾರನ ಮಾತು ಬೇರೆ, ಐಷಾರಾಮಿ ಹೋಟೆಲಿನ ಪ್ಯಾಕೇಜಿನ ಮಾತು ಬೇರೆ. ಮೊದಲನೆಯದರಲ್ಲಿ ಹಣ ಒಂಟೆಯ ಹಗ್ಗ ಹಿಡಿದವನ ಕೈಗೇ ಸೇರುತ್ತದೆ. ಎರಡನೆಯದರಲ್ಲಿ ಹಗ್ಗ ಹಿಡಿದವನೂ ಕೂಲಿಯವನೇ.

ಹಿರಿಯೂರು ನಿವೃತ್ತ ಶಿಕ್ಷಕ

ಆ ವ್ಯತ್ಯಾಸವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ.

ಹರಿಹರದವನು, ಈಗ ಶಾರ್ಜಾ

ಇಲ್ಲಿನ ಸ್ಥಿತಿಯನ್ನೂ ಸ್ವಲ್ಪ ಹೇಳಿಬಿಡುತ್ತೇನೆ. ಈ ದೇಶದಲ್ಲಿ ಒಂಟೆಗೆ ಬಹಳ ಗೌರವವಿದೆ. ಓಟದ ಒಂಟೆಗಳನ್ನು ಸಾಕುವ ರೀತಿಯನ್ನು ಕಂಡರೆ ಆಶ್ಚರ್ಯವಾಗುತ್ತದೆ. ಹಿಂದೆ ಓಟಗಳಿಗೆ ಬಡ ದೇಶಗಳ ಪುಟ್ಟ ಮಕ್ಕಳನ್ನು ಕೂರಿಸುತ್ತಿದ್ದ ಕ್ರೌರ್ಯವನ್ನು 2005ರಲ್ಲಿ ಕಾನೂನಿನಿಂದ ನಿಷೇಧಿಸಿ, ಈಗ ಸಣ್ಣ ಯಂತ್ರಗಳನ್ನು ಕಟ್ಟಿ ಓಡಿಸುತ್ತಾರೆ. ಪ್ರವಾಸಿ ಶಿಬಿರದ ಒಂಟೆಗೆ ಅಷ್ಟು ಆರೈಕೆ ಎಲ್ಲ ಕಡೆಯೂ ಸಿಗುವುದಿಲ್ಲ.

ಖರ್ಚು ಸ್ವಲ್ಪ ಹೆಚ್ಚಾದರೂ ಪರವಾಗಿಲ್ಲ ಎನ್ನುವವರು ದುಬೈ ಮರಳುಗಾಡು ಸಂರಕ್ಷಣಾ ಪ್ರದೇಶದೊಳಗಿನ ಪ್ರವಾಸವನ್ನು ನೋಡಬಹುದು. 225 ಚದರ ಕಿಲೋಮೀಟರಿನ ಆ ಪ್ರದೇಶದಲ್ಲಿ ಮನಸ್ಸಿಗೆ ಬಂದ ಕಡೆಯಲ್ಲೆಲ್ಲ ಗಾಡಿ ಓಡಿಸುವಂತಿಲ್ಲ. ನಿಧಾನವಾಗಿ ಕರೆದೊಯ್ದು ಅರೇಬಿಯಾದ ಬಿಳಿ ಓರಿಕ್ಸ್ ಎಂಬ ಜಿಂಕೆಯಂಥ ಪ್ರಾಣಿಗಳನ್ನು ತೋರಿಸುತ್ತಾರೆ. ಅಕ್ಕನವರ ತಂದೆಯವರಿಗೆ ಅದೇ ಹೊಂದುತ್ತದೆ. ಅಲ್ಲಿ ಕಾಣುವ ಘಾಫ್ ಮರವನ್ನು ಅವರಿಗೆ ತೋರಿಸಿ. ನಮ್ಮ ಕಡೆ ದಸರೆಯಲ್ಲಿ ಪೂಜಿಸಿ ಮುಡಿಯುವ ಬನ್ನಿಯೂ ಅದೂ ಒಂದೇ ಮರ, ಇಲ್ಲಿ ಅದು ರಾಷ್ಟ್ರೀಯ ವೃಕ್ಷ. ನನ್ನ ತಂದೆ ಅದರ ಎಲೆಯನ್ನು ಬೆರಳಲ್ಲಿ ಹೊಸಕಿ ನೋಡಿ ಗುರುತು ಹಿಡಿದರು.

ಎಂಸಿಸಿ ಬಿ ಬ್ಲಾಕ್

ಬನ್ನಿ ಮರದ ವಿಷಯ ಗೊತ್ತಿರಲಿಲ್ಲ. ತಿಳಿಸಿದ್ದಕ್ಕೆ ವಂದನೆಗಳು.

ಚಿತ್ರದುರ್ಗ, ಜೋಗಿಮಟ್ಟಿ ರಸ್ತೆ

ಅಮೆರಿಕದಲ್ಲಿರುವ ಮಗಳ ಕುಟುಂಬದೊಂದಿಗೆ ಮೆಕ್ಸಿಕೋದ ಕಾಬೊ ಸಾನ್ ಲುಕಾಸ್ ಎಂಬ ಕಡಲತೀರದ ಊರಿಗೆ ಹೋಗಿದ್ದೆವು. ಅಲ್ಲಿಯೂ ಇದೇ ಜೋಡಿ ಪ್ರವಾಸವಿದೆ. ಮಿಗ್ರಿನ್ಯೋ ಎಂಬ ಕಡೆ ಕಳ್ಳಿಗಿಡಗಳ ಮರಳುಗಾಡು ನೇರವಾಗಿ ಪೆಸಿಫಿಕ್ ಸಾಗರಕ್ಕೆ ಬಂದು ಮುಟ್ಟುತ್ತದೆ. ಒಂದು ಕಡೆ ಅಲೆಗಳು, ಇನ್ನೊಂದು ಕಡೆ ದಿಬ್ಬಗಳು, ನಡುವೆ ಸಾಲಾಗಿ ಕ್ವಾಡ್ ಬೈಕುಗಳು. ಒಂಟೆ ಅಲ್ಲಿಯ ಇಂದಿನ ಪ್ರಾಣಿಯಲ್ಲ, ಪ್ರವಾಸಿಗರಿಗಾಗಿ ತಂದು ಸಾಕಿದ್ದಾರೆ. ಆದರೆ ಒಂಟೆಯ ವಂಶ ಕೋಟ್ಯಂತರ ವರ್ಷಗಳ ಹಿಂದೆ ಹುಟ್ಟಿದ್ದು ಉತ್ತರ ಅಮೆರಿಕದಲ್ಲಿಯೇ, ಅಲ್ಲಿಂದ ಏಷ್ಯಾಕ್ಕೆ ಬಂದು, ತಾನು ಹುಟ್ಟಿದ ಖಂಡದಲ್ಲಿಯೇ ಹಿಮಯುಗದ ಕೊನೆಯಲ್ಲಿ ಅಳಿದುಹೋಯಿತು ಎಂದು ಅಳಿಯ ವಿವರಿಸಿದಾಗ ನನಗೆ ಬಹಳ ಕುತೂಹಲವಾಯಿತು.

ಅಲ್ಲಿ ನನಗೆ ಮೆಚ್ಚಿಗೆಯಾದದ್ದು ತರಬೇತಿ. ಹೆಲ್ಮೆಟ್, ಕನ್ನಡಕ, ಮೂಗು ಬಾಯಿ ಮುಚ್ಚುವ ಬಟ್ಟೆ ಎಲ್ಲವನ್ನೂ ಹಾಕಿಸಿದ ಮೇಲೆ, ಸಮತಟ್ಟಾದ ಜಾಗದಲ್ಲಿ ಪ್ರತಿಯೊಬ್ಬರಿಂದಲೂ ಗಾಡಿ ಓಡಿಸಿ ನಿಲ್ಲಿಸಿ ತೋರಿಸಿಕೊಂಡರು. ಸರಿಯಾಗಿ ನಿಲ್ಲಿಸಲಾಗದ ಒಬ್ಬ ಯುವಕನಿಗೆ ಗಾಡಿ ಕೊಡದೆ, ಹಿಂದಿನ ಸೀಟಿನಲ್ಲಿ ಕೂರಿಸಿದರು. ಅವನು ಎಷ್ಟು ವಾದಿಸಿದರೂ ಮಾರ್ಗದರ್ಶಕಿ ಬಗ್ಗಲಿಲ್ಲ. ಇಂಥ ಕಟ್ಟುನಿಟ್ಟು ಇರುವಲ್ಲಿ ನಾನು ಎಷ್ಟು ಹಣವಾದರೂ ಕೊಡುತ್ತೇನೆ.

ಹೊಸದುರ್ಗದ ಯುವಕ

ಇಷ್ಟು ದೂರ ಏಕೆ ಹೋಗಬೇಕು? ನಮ್ಮ ಕರಾವಳಿಯಲ್ಲಿಯೇ ಒಂಟೆಯೂ ಇದೆ, ಕ್ವಾಡ್ ಬೈಕೂ ಇದೆ. ಚಳ್ಳಕೆರೆಯ ಕಾವಲುಗಳಲ್ಲಿಯೂ ಇಂಥದ್ದನ್ನು ಆರಂಭಿಸಿದರೆ ನಮ್ಮ ಹುಡುಗರಿಗೆ ಕೆಲಸವಾದರೂ ಸಿಗುತ್ತದೆ.

ಚಳ್ಳಕೆರೆ ಪಶುವೈದ್ಯ

ಕೆಲಸ ಸಿಗಬೇಕೆಂಬ ನಿಮ್ಮ ಆಸೆ ನನಗೂ ಇದೆ ತಮ್ಮ, ಆದರೆ ಕಾವಲು ಖಾಲಿ ಬಿದ್ದ ಜಾಗವಲ್ಲ. ಅಮೃತಮಹಲ್ ದನಗಳಿಗಾಗಿ ತಲೆಮಾರುಗಳಿಂದ ಉಳಿಸಿಕೊಂಡು ಬಂದ ಹುಲ್ಲುಗಾವಲು ಅದು. ನಮ್ಮ ಕುರಿಗಾರರ ಬದುಕೂ ಅದರ ಮೇಲೆಯೇ ನಿಂತಿದೆ. ಚಕ್ರಗಳು ಒಂದು ಬಾರಿ ಮೇಲ್ಮಣ್ಣನ್ನು ಕಿತ್ತರೆ, ಇಷ್ಟು ಕಡಿಮೆ ಮಳೆಯ ಸೀಮೆಯಲ್ಲಿ ಹುಲ್ಲು ಮತ್ತೆ ಹಿಡಿಯಲು ವರ್ಷಗಳು ಬೇಕು. ಇನ್ನು ಒಂಟೆಗೆ ನಮ್ಮ ಕರಾವಳಿಯ ಹವೆ ಒಗ್ಗುವುದಿಲ್ಲ. ತೇವದಲ್ಲಿ ಕಚ್ಚುವ ನೊಣಗಳಿಂದ ಸರ್ರಾ ಎಂಬ ರಕ್ತದ ರೋಗ ಹರಡುತ್ತದೆ, ಚರ್ಮಕ್ಕೆ ಕಜ್ಜಿ ಹತ್ತುತ್ತದೆ. ಮರಳು ಇದ್ದ ಮಾತ್ರಕ್ಕೆ ಅದು ಒಂಟೆಯ ನೆಲವಾಗುವುದಿಲ್ಲ.

ಹೊಳಲ್ಕೆರೆ ಓದುಗಿ

ಕಡಲತೀರದಲ್ಲಿ ಗಾಡಿ ಓಡಿಸುವುದರಿಂದ ಇನ್ನೊಂದು ಅನಾಹುತವಿದೆ. ಹೊನ್ನಾವರದ ಕಾಸರಕೋಡಿನಂಥ ತೀರಗಳಿಗೆ ಚಳಿಗಾಲದಲ್ಲಿ ಕಡಲಾಮೆಗಳು ಬಂದು ಮರಳಿನಲ್ಲಿ ಮೊಟ್ಟೆಯಿಡುತ್ತವೆ. ಚಕ್ರದ ಭಾರಕ್ಕೆ ಗೂಡುಗಳು ಕುಸಿಯುತ್ತವೆ, ಗಾಡಿ ಹೋದ ಆಳವಾದ ಜಾಡಿನಲ್ಲಿ ಸಿಕ್ಕಿಕೊಂಡ ಮರಿಗಳು ನೀರು ತಲುಪುವುದಿಲ್ಲ.

ಹೊಸದುರ್ಗದ ಯುವಕ

ಆಮೆಗಳ ವಿಷಯವನ್ನು ನಾನು ಯೋಚಿಸಿರಲಿಲ್ಲ. ಕಾವಲಿನ ಮಾತನ್ನೂ ಒಪ್ಪುತ್ತೇನೆ. ಆದರೆ ಹಾಳುಬಿದ್ದ ಕಲ್ಲುಗಣಿಗಳ ಜಾಗದಲ್ಲಿ, ಕ್ರಮಬದ್ಧವಾಗಿ ಕ್ವಾಡ್ ಬೈಕಿನ ಅಂಕಣ ಮಾಡಬಹುದು ಎಂಬ ನನ್ನ ಅಭಿಪ್ರಾಯವನ್ನು ಬಿಡುವುದಿಲ್ಲ.

ವಿಮೆ ಸಲಹೆಗಾರ, ದಾವಣಗೆರೆ

ಯಾರೂ ಪ್ರಸ್ತಾಪಿಸದ ಒಂದು ಸಂಗತಿಯಿದೆ. ವಿದೇಶ ಪ್ರವಾಸದ ವಿಮೆ ಮಾಡಿಸಿದ್ದೇವೆ ಎಂದು ನಿಶ್ಚಿಂತೆಯಿಂದ ಕ್ವಾಡ್ ಬೈಕ್ ಹತ್ತಬೇಡಿ. ಅನೇಕ ಪಾಲಿಸಿಗಳಲ್ಲಿ ಸಾಹಸ ಕ್ರೀಡೆಗಳಿಂದಾದ ಗಾಯಕ್ಕೆ ಪರಿಹಾರವಿಲ್ಲ ಎಂಬ ಷರತ್ತು ಇರುತ್ತದೆ. ಕೆಲವು ಕಂಪನಿಗಳು ಹೆಚ್ಚುವರಿ ಕಂತು ಪಡೆದು ಅದನ್ನು ಸೇರಿಸುತ್ತವೆ. ಕ್ವಾಡ್ ಬೈಕಿನ ಹೆಸರು ಪಾಲಿಸಿಯ ಕಾಗದದಲ್ಲಿ ಎಲ್ಲಿದೆ ಎಂದು ತೋರಿಸುವಂತೆ ಕೇಳಿ, ಫೋನಿನಲ್ಲಿ ಕೊಟ್ಟ ಭರವಸೆ ಕ್ಲೇಮಿನ ಹೊತ್ತಿಗೆ ನಿಲ್ಲುವುದಿಲ್ಲ. ನಿಮ್ಮ ತಂದೆಯವರ ಸಕ್ಕರೆ ಕಾಯಿಲೆಯನ್ನೂ ಅರ್ಜಿಯಲ್ಲಿ ಮುಚ್ಚಿಡದೆ ಬರೆಯಿರಿ, ಮುಚ್ಚಿಟ್ಟರೆ ಸಂಬಂಧವಿಲ್ಲದ ಕ್ಲೇಮಿಗೂ ತಕರಾರು ತೆಗೆಯುತ್ತಾರೆ.

ನಿಟ್ಟುವಳ್ಳಿ

ವಿಮೆಯ ಜೊತೆಗೆ ಗಾಡಿಯ ಹಾನಿಯ ವಿಷಯವನ್ನೂ ನೋಡಿಕೊಳ್ಳಿ. ಈಜಿಪ್ಟಿನ ಹುರ್ಗಾದಾದಲ್ಲಿ ನಾವು ಕ್ವಾಡ್ ಬೈಕ್ ಹಿಂತಿರುಗಿಸಿದಾಗ, ಮೊದಲೇ ಇದ್ದ ಗೀರನ್ನು ತೋರಿಸಿ ಹಣ ಕೇಳಿದರು. ಹೊರಡುವ ಮುನ್ನ ನನ್ನ ಹೆಂಡತಿ ಗಾಡಿಯ ಸುತ್ತಲೂ ಮೊಬೈಲಿನಲ್ಲಿ ವಿಡಿಯೋ ಮಾಡಿದ್ದಳು, ಅದನ್ನು ತೋರಿಸಿದ ಮೇಲೆ ಮಾತು ನಿಂತಿತು. ಸಹಿ ಹಾಕಿಸಿಕೊಳ್ಳುವ ಕಾಗದವನ್ನೂ ಓದದೆ ಸಹಿ ಮಾಡಬೇಡಿ. ಅಂದಹಾಗೆ, ಅಲ್ಲಿ ದುಬೈನಂಥ ಮರಳು ದಿಬ್ಬಗಳನ್ನು ನಿರೀಕ್ಷಿಸಬಾರದು. ಕೆಂಪು ಸಮುದ್ರದ ಹಿಂದೆ ಬೋಳು ಬೆಟ್ಟಗಳು, ಅವುಗಳ ನಡುವೆ ಗರಸು ಕಲ್ಲಿನ ಬಯಲು. ಬೀಳುವವರಿಗೆ ಆ ನೆಲ ಮರಳಿಗಿಂತ ನಿರ್ದಯವಾದದ್ದು.

ವಿದ್ಯಾನಗರ ನಿವಾಸಿ, ದಾವಣಗೆರೆ

ನೀವೆಲ್ಲ ಹೇಳಿದ ಪ್ರಶ್ನೆಗಳನ್ನು ಬರೆದುಕೊಂಡು ಇಂದು ಏಜೆಂಟರ ಕಚೇರಿಗೆ ಹೋಗಿದ್ದೆ. ಗಾಡಿ ಎಷ್ಟು ಸಿಸಿ, ತರಬೇತಿ ಎಷ್ಟು ಹೊತ್ತು, ಒಂಟೆಗಳನ್ನು ಸಾಕುವವರು ಯಾರು ಎಂಬ ಯಾವ ಪ್ರಶ್ನೆಗೂ ಅವರ ಬಳಿ ಉತ್ತರವಿರಲಿಲ್ಲ. ದುಬೈಗೆ ಫೋನ್ ಮಾಡಿ ವಿಚಾರಿಸಿದಾಗ, ಕ್ವಾಡ್ ಬೈಕ್ ನಡೆಸುವವರೇ ಬೇರೆ ಸಂಸ್ಥೆಯವರು, ಅಲ್ಲಿಯೇ ನೋಡಿಕೊಳ್ಳಬೇಕು ಎಂಬ ಉತ್ತರ ಬಂತು. ಆ ಭಾಗವನ್ನು ಪ್ಯಾಕೇಜಿನಿಂದ ತೆಗೆಸಿದ್ದೇನೆ. ನಾನು, ನನ್ನ ಪತಿ ಮತ್ತು ಮಗ ಬೇರೆಯಾಗಿ ಬಗ್ಗಿಯನ್ನು ಗೊತ್ತುಮಾಡುತ್ತೇವೆ, ಓಡಿಸುವವರು ನನ್ನ ಪತಿ. ಮಗ ಎರಡು ದಿನ ಮುನಿಸಿಕೊಂಡು ಮಾತು ಬಿಟ್ಟಿದ್ದ, ಈಗ ಒಪ್ಪಿದ್ದಾನೆ. ತಂದೆ ತಾಯಿಯರಿಗೆ ಸಂರಕ್ಷಣಾ ಪ್ರದೇಶದ ನಿಧಾನ ಪ್ರವಾಸ. ಅಲ್ಲಿ ಒಂಟೆ ಸವಾರಿ ಇದ್ದರೆ, ಪಶುವೈದ್ಯರು ಹೇಳಿದಂತೆ ನೋಡಿದ ಮೇಲೆ, ಅಮ್ಮ ಮಾತ್ರ ಹತ್ತುತ್ತಾರೆ.

ಪಿ.ಜೆ. ಬಡಾವಣೆ

ಒಳ್ಳೆಯ ನಿರ್ಧಾರ ಮೇಡಂ. ಬಗ್ಗಿಯ ಬಗ್ಗೆ ನನಗೂ ತಿಳಿದಿರಲಿಲ್ಲ. ಆದರೆ ಜೀಪಿನ ದಿಬ್ಬದ ಓಟವನ್ನು ನೀವು ಮೂವರಾದರೂ ಬಿಡಬೇಡಿ, ಅದಕ್ಕೆ ಮುನ್ನ ಹೊಟ್ಟೆ ತುಂಬ ಊಟ ಮಾಡಬೇಡಿ.

ಎಂಸಿಸಿ ಬಿ ಬ್ಲಾಕ್

ನಾವು 2026ರ ಫೆಬ್ರವರಿಯ ಕೊನೆಯಲ್ಲಿ ಹೋಗುವವರಿದ್ದೇವೆ. 13 ವರ್ಷದವರೂ ಇಲ್ಲ, ಹಿರಿಯರೂ ಇಲ್ಲ, ನಾಲ್ವರು ಗೆಳತಿಯರು. ನಮಗೆ ಬೇರೇನಾದರೂ ಎಚ್ಚರಿಕೆಯಿದೆಯೇ?

ಹರಿಹರದವನು, ಈಗ ಶಾರ್ಜಾ

ಆ ಹೊತ್ತಿಗೆ ರಂಜಾನ್ ಮಾಸ ಆರಂಭವಾಗಿರುತ್ತದೆ ತಂಗಿ. ಪ್ರವಾಸಗಳು ನಡೆಯುತ್ತವೆ, ಆದರೆ ಶಿಬಿರಗಳಲ್ಲಿ ಸಂಗೀತ, ನೃತ್ಯಗಳನ್ನು ಸಾಮಾನ್ಯವಾಗಿ ನಿಲ್ಲಿಸಿರುತ್ತಾರೆ ಅಥವಾ ಕಡಿಮೆ ಮಾಡಿರುತ್ತಾರೆ, ಅದಕ್ಕೆಂದೇ ಹೋಗುವವರಿಗೆ ನಿರಾಸೆಯಾಗಬಹುದು. ಹಗಲಿನಲ್ಲಿ ಉಪವಾಸದಲ್ಲಿರುವ ಚಾಲಕರ ಎದುರಿಗೆ ತಿನ್ನುವುದು ಕುಡಿಯುವುದನ್ನು ತಪ್ಪಿಸಿ. ಸಾಧ್ಯವಾದರೆ ಬೆಳಗಿನ ಪ್ರವಾಸವನ್ನೇ ಆರಿಸಿಕೊಳ್ಳಿ. ಇಡೀ ದಿನ ಉಪವಾಸವಿದ್ದು ಸಂಜೆಗೆ ದಣಿದ ಚಾಲಕರಿಗಿಂತ, ಬೆಳಿಗ್ಗೆ ಹುರುಪಿನಲ್ಲಿರುವವರ ಕೈಯಲ್ಲಿ ದಿಬ್ಬದ ಓಟ ಮಾಡುವುದು ಇಬ್ಬರಿಗೂ ಒಳ್ಳೆಯದು. ಸಸ್ಯಾಹಾರಿಗಳಾಗಿದ್ದರೆ ಬುಕಿಂಗ್ ಮಾಡುವಾಗಲೇ ಹೇಳಿಬಿಡಿ, ಪ್ರತ್ಯೇಕವಾಗಿ ಮಾಡಿಕೊಡುತ್ತಾರೆ.